ಮೂರು ಕಿಲೋವ್ಯಾಟ್ ಸೋಲಾರ್ ಇದ್ದೂ ಬಿಲ್ ಯಾಕೆ? ಧಾಯರಿ ಅಕ್ಕನ ಪ್ರಶ್ನೆಗೆ ಉತ್ತರ

ನಮಸ್ಕಾರ ಅಕ್ಕ. ನಮ್ಮ ತಾರಸಿ ತೋಟದ ಗುಂಪಿನಲ್ಲಿ ನೀವು ಕೇಳಿದ್ದು ಇಷ್ಟು. ಪುಣೆಯ ಧಾಯರಿಯಲ್ಲಿ ಸ್ವಂತ ಮನೆ, ತಾರಸಿ ಮೇಲೆ 6 ಪ್ಯಾನೆಲ್, 3 ಕಿಲೋವ್ಯಾಟ್. ಏಪ್ರಿಲ್, ಮೇ ತಿಂಗಳಲ್ಲಿ ಗ್ರಿಡ್‌ಗೆ, ಅಂದರೆ ಕರೆಂಟು ಕಂಪನಿಯ ಲೈನಿಗೆ, ಕೊಟ್ಟದ್ದಕ್ಕೂ ತಗೊಂಡದ್ದಕ್ಕೂ ಸರಿಹೋಯ್ತು. ಆಗಸ್ಟ್‌ನಲ್ಲಿ ಮಾತ್ರ 121 ಯೂನಿಟ್‌ಗೆ ಬಿಲ್ ಬಂತು. ಸೋಲಾರ್ ಆ್ಯಪ್ 228 ಯೂನಿಟ್ ತಯಾರಾಗಿದೆ ಅನ್ನುತ್ತದೆ, ಬಿಲ್‌ನಲ್ಲಿ ಜಮಾ ಆದದ್ದು 141 ಮಾತ್ರ. ಉಳಿದ 87 ಎಲ್ಲಿ ಹೋಯ್ತು? ಇನ್ನೆರಡು ಪ್ಯಾನೆಲ್ ಹಾಕಿಸಲಾ, ಬ್ಯಾಟರಿ ತರಲಾ?

ಮೊದಲು ಆ 87. ಅದು ಎಲ್ಲೂ ಹೋಗಿಲ್ಲ. ಹಗಲಲ್ಲಿ ನಿಮ್ಮ ಫ್ರಿಜ್, ಫ್ಯಾನ್, ಮಿಕ್ಸಿ, ಪಂಪು ಪ್ಯಾನೆಲ್‌ನಿಂದ ನೇರವಾಗಿ ಎಳೆದುಕೊಂಡ ಕರೆಂಟು ಅದು. ಮೀಟರ್ ತನಕ ಬರುವುದೇ ಇಲ್ಲ, ಹಾಗಾಗಿ ಬಿಲ್‌ನಲ್ಲಿ ಕಾಣುವುದಿಲ್ಲ. ಬಿಲ್ ಪ್ರಕಾರ ಗ್ರಿಡ್‌ನಿಂದ ತಗೊಂಡದ್ದು 262, ಅದರಲ್ಲಿ ಜಮಾ 141 ಕಳೆದೇ 121ಕ್ಕೆ ಬಿಲ್ ಬಂದದ್ದು. ಆ 262ಕ್ಕೆ ಈ 87 ಸೇರಿಸಿ. ಮನೆ ನಿಜವಾಗಿ ಉಂಡದ್ದು 349 ಯೂನಿಟ್. ಮೀಟರ್ ಸರಿ ಇದೆ, ಬಿಲ್ಲೂ ಸರಿ ಇದೆ.

ತಪ್ಪು ಇರುವುದು ಆಗಸ್ಟ್‌ನಲ್ಲಲ್ಲ, ಏಪ್ರಿಲ್‌ನಲ್ಲಿ. ನೀವೇ ಬರೆದಿದ್ದೀರಿ, "ಬೇಸಿಗೆಯಲ್ಲೂ ದಿನಕ್ಕೆ 10 ಯೂನಿಟ್ ದಾಟಲಿಲ್ಲ" ಅಂತ. ಅದನ್ನು ಓದಿಯೇ ಇಷ್ಟುದ್ದ ಬರೆಯಲು ಕೂತೆ. ಪುಣೆಯಲ್ಲಿ ವರ್ಷದ ಸರಾಸರಿ ಹಿಡಿದರೆ 1 ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್. ಮೋಡವಿಲ್ಲದ ಏಪ್ರಿಲ್‌ನಲ್ಲಿ ನಿಮಗೆ 13ರ ಆಸುಪಾಸು ಬರಬೇಕಿತ್ತು. ದಿನಕ್ಕೆ 3 ಯೂನಿಟ್ ಕಡಿಮೆ ಅಂದರೆ ಎರಡು ತಿಂಗಳಿಗೆ 180.

ಗ್ರಿಡ್‌ಗೆ ಕೊಟ್ಟದ್ದನ್ನೂ ತಗೊಂಡದ್ದನ್ನೂ ಅಳೆಯುವ ಮೀಟರೇ ನೆಟ್ ಮೀಟರ್. ಇಲ್ಲಿ ಅದರ ಲೆಕ್ಕ ಏಪ್ರಿಲ್‌ಗೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬೇಸಿಗೆಯಲ್ಲಿ ಉಳಿದ ಯೂನಿಟ್ ಮುಂದಿನ ತಿಂಗಳ ಬಿಲ್‌ಗೆ ಸರಿಯುತ್ತಾ ಹೋಗುತ್ತದೆ. ಮಲೆನಾಡಿನಲ್ಲಿ ಮಳೆಗೆ ಮುಂಚೆ ಸೌದೆ ಒಟ್ಟಿಡುತ್ತಾರಲ್ಲ, ಹಾಗೆ. ಆ 180 ಯೂನಿಟ್ ನಿಮ್ಮ ಕೊಟ್ಟಿಗೆಯಲ್ಲಿ ಇರಬೇಕಿತ್ತು. ಮಳೆಗಾಲದ ಬಿಲ್ ಅಷ್ಟರಮಟ್ಟಿಗೆ ಇಳಿಯುತ್ತಿತ್ತು. ಅದಕ್ಕೇ ಹೇಳುವುದು, ಹೊಸ ಪ್ಯಾನೆಲ್ ಬೇಡ, ಇರುವ ಆರರಿಂದ ಪೂರ್ತಿ ತೆಗೆಯಿರಿ.

ಆ್ಯಪ್‌ನಲ್ಲಿ ಏಪ್ರಿಲ್ ತಿಂಗಳ ಯಾವುದಾದರೂ ಒಂದು ದಿನದ ಗ್ರಾಫ್ ತೆಗೆಯಿರಿ. ಮೋಡವಿಲ್ಲದ ದಿನ ಅದು ನುಣುಪಾದ ಗುಡ್ಡದ ಹಾಗೆ ಇರಬೇಕು. ತುದಿ ಮಧ್ಯಾಹ್ನ 12:30 ದಾಟಿದ ಮೇಲೆ, ಯಾಕೆಂದರೆ ಪುಣೆಯಲ್ಲಿ ಸೂರ್ಯ ನೆತ್ತಿಗೆ ಬರುವುದೇ ಆಗ. ಗುಡ್ಡದ ಆಕಾರ ಸರಿ ಇದ್ದು ಎತ್ತರ ಮಾತ್ರ ಕಡಿಮೆ ಇದ್ದರೆ ಧೂಳು. ದಿನಾ ಅದೇ ಹೊತ್ತಿಗೆ ಯಾರೋ ಕಚ್ಚಿದ ಹಾಗೆ ಒಂದು ಪಕ್ಕ ಕುಸಿದಿದ್ದರೆ ನೆರಳು. ಮಧ್ಯಾಹ್ನ ಸೊನ್ನೆಗೆ ಬಿದ್ದು ಐದಾರು ನಿಮಿಷದಲ್ಲಿ ಮತ್ತೆ ಎದ್ದಿದ್ದರೆ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆಗೆ ಹೊಂದುವ ಹಾಗೆ ಮಾಡುವ ಪೆಟ್ಟಿಗೆ) ಟ್ರಿಪ್ ಆಗುತ್ತಿದೆ, ಅಂದರೆ ತಾನಾಗಿಯೇ ಬಂದ್ ಆಗುತ್ತಿದೆ.

ನಿಮ್ಮ ಫೋಟೋ ನೋಡಿದರೆ ನನಗೆ ನೆರಳಿನ ಅನುಮಾನ. ಪ್ಯಾನೆಲ್ ಸಾಲಿನ ಪಶ್ಚಿಮಕ್ಕೆ ಮೆಟ್ಟಿಲ ಕೋಣೆ ಇದೆ. ನೀವು ಹಾಕಿಸಿದ್ದು ಡಿಸೆಂಬರ್‌ನಲ್ಲಿ ಅಂದಿರಿ. ಆಗ ಸಂಜೆ 4ರ ಸೂರ್ಯ ನೈಋತ್ಯಕ್ಕೆ ಇರುತ್ತಾನೆ, ಕೋಣೆಯ ನೆರಳು ಈಶಾನ್ಯಕ್ಕೆ ಬಿದ್ದು ಪ್ಯಾನೆಲ್ ತಪ್ಪಿಸಿಕೊಳ್ಳುತ್ತದೆ. ಏಪ್ರಿಲ್ ಹೊತ್ತಿಗೆ ಸಂಜೆಯ ಸೂರ್ಯ ನೇರ ಪಶ್ಚಿಮಕ್ಕೆ ಬಂದಿರುತ್ತಾನೆ. ಅದೇ ಕೋಣೆಯ ನೆರಳು ಈಗ ಸೀದಾ ಪೂರ್ವಕ್ಕೆ, ಪ್ಯಾನೆಲ್ ಮೇಲೆ. ಒಂದು ದಿನ ಬಂದು ನೋಡಿ ಹೋದವರಿಗೆ ಇದು ಕಾಣುವುದಿಲ್ಲ. ತಾರಸಿ ತೋಟ ಮಾಡುವ ನಮಗೆ ಗೊತ್ತಲ್ವಾ, ಟೊಮೇಟೊ ಕುಂಡ ವರ್ಷಕ್ಕೆ ಎಷ್ಟು ಸಲ ಜಾಗ ಬದಲಿಸುತ್ತೇವೆ.

ಪರೀಕ್ಷೆಗೆ ಇದೇ ಒಳ್ಳೆ ಸಮಯ. ಸೆಪ್ಟೆಂಬರ್ ಮೊದಲ ವಾರದಲ್ಲಿ ಸೂರ್ಯ ಹೋಗುವ ದಾರಿ ಏಪ್ರಿಲ್ ಮೊದಲ ವಾರದ್ದೇ. ಬಿಸಿಲು ಬಿದ್ದ ದಿನ 3:30ಕ್ಕೆ ಒಂದು ಚಾಕ್‌ಪೀಸ್ ತಗೊಂಡು ಮೇಲೆ ಹೋಗಿ. ಕೋಣೆಯ ನೆರಳಿನ ಅಂಚಿಗೆ ನೆಲದ ಮೇಲೆ ಗೆರೆ ಎಳೆಯಿರಿ. ಅರ್ಧ ಗಂಟೆಗೊಮ್ಮೆ 5:30ರ ತನಕ ಎಳೆಯಿರಿ. ಯಾವ ಪ್ಯಾನೆಲ್ ಎಷ್ಟು ಹೊತ್ತಿಗೆ ನೆರಳಿಗೆ ಸಿಗುತ್ತದೆ ಅಂತ ನೆಲವೇ ಹೇಳುತ್ತದೆ.

ಒಂದು ಪ್ಯಾನೆಲ್ ನೆರಳಾದರೆ ಅದೊಂದೇ ತಾನೆ ಅನ್ನಬೇಡಿ. ಆರೂ ಒಂದೇ ಸಾಲಿನಲ್ಲಿ ಜೋಡಿಸಿರುತ್ತಾರೆ, ಒಂದರೊಳಗೆ ಹರಿದ ಕರೆಂಟೇ ಮುಂದಿನದಕ್ಕೂ ಹರಿಯಬೇಕು. ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟು ಪಕ್ಕದಿಂದ ಹೋಗಲು ದಾರಿ ಕೊಡುವುದು ಅವೇ. ಆದರೆ ಅಂಗೈಯಗಲದ ನೆರಳಿಗೂ ಒಂದು ಪ್ಯಾನೆಲ್‌ನ ಮೂರನೇ ಒಂದು ಭಾಗ ಕೈಬಿಟ್ಟು ಹೋಗಬಹುದು. ಪಾರಿವಾಳದ ಹಿಕ್ಕೆಯೂ ಇದೇ ಕೆಲಸ ಮಾಡುತ್ತದೆ, ಜೊತೆಗೆ ಆ ಜಾಗ ಕಾದು ಹಾಳಾಗುತ್ತದೆ.

ಗೆರೆ ನೋಡಿದ ಮೇಲೆ ಕೋಣೆ ಪಕ್ಕದ ಎರಡು ಪ್ಯಾನೆಲ್ ಪೂರ್ವದ ಖಾಲಿ ಜಾಗಕ್ಕೆ ಸರಿಸಬಹುದು ಅಂತ ನನಗನಿಸುತ್ತದೆ. ಫೋಟೋದಲ್ಲಿ ಆ ಮೂಲೆಯಲ್ಲಿ ನಿಮ್ಮ ನುಗ್ಗೆ ಡ್ರಮ್ ಇದೆ, ಅದನ್ನು ಉತ್ತರದ ಗೋಡೆಗೆ ಒಯ್ದರಾಯ್ತು. ಪ್ಯಾನೆಲ್ ಮಾತ್ರ ನೀವೇ ಬಿಚ್ಚಬೇಡಿ. 6 ಪ್ಯಾನೆಲ್ ಸಾಲು ಸೇರಿದರೆ 250 ವೋಲ್ಟ್ ಡಿಸಿ ಬರುತ್ತದೆ. ಇನ್ವರ್ಟರ್ ಆಫ್ ಮಾಡಿದರೂ ಬಿಸಿಲು ಇರುವ ತನಕ ಆ ವೈರ್‌ನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಕೆಲಸ ಗೊತ್ತಿರುವವರನ್ನೇ ಕರೆಯಿರಿ.

ಟ್ರಿಪ್ ವಿಷಯ ನನ್ನ ಮನೆಯಲ್ಲೇ ಆದದ್ದು. ನಂದೂ 3 ಕಿಲೋವ್ಯಾಟ್, ಕಾತ್ರಜ್‌ನಲ್ಲಿ. ಮೊದಲ ಬೇಸಿಗೆ ಭಾನುವಾರ ಭಾನುವಾರ ಮಧ್ಯಾಹ್ನ ಗ್ರಾಫ್ ಹಲ್ಲು ಹಲ್ಲಾಗಿ ಬೀಳುತ್ತಿತ್ತು. ಇನ್ವರ್ಟರ್ ಮುಂದೆ ಸ್ಟೂಲ್ ಹಾಕಿ ಕೂತೆ. ಪರದೆ ಮೇಲೆ 250, 252, 255, ಆಮೇಲೆ ಟಕ್ ಅಂತ ಬಂದ್. "ಗ್ರಿಡ್ ಓವರ್ ವೋಲ್ಟೇಜ್." ಅದೇ ಹೊತ್ತಿಗೆ ಮಗ ಕೆಳಗೆ ಮೀಟರ್ ಹತ್ತಿರ ಅಳೆದರೆ 249. ಮೇಲಕ್ಕೂ ಕೆಳಕ್ಕೂ 6 ವೋಲ್ಟ್ ಅಂತರ! ಹಾಕಿದವರು ತಾರಸಿಯಿಂದ ಮೀಟರ್‌ಗೆ 30 ಮೀಟರ್ ಉದ್ದಕ್ಕೆ 2.5 ಚದರ ಮಿಲಿಮೀಟರ್ ವೈರ್ ಎಳೆದಿದ್ದರು. ಸಣ್ಣ ಪೈಪಿನಲ್ಲಿ ಜಾಸ್ತಿ ನೀರು ನೂಕಿದರೆ ಒತ್ತಡ ಏರುತ್ತದಲ್ಲ, ಇದೂ ಹಾಗೇ. ಕರೆಂಟು ಹೊರಗೆ ತಳ್ಳಲು ಇನ್ವರ್ಟರ್ ತನ್ನ ವೋಲ್ಟೇಜ್ ಏರಿಸುತ್ತಾ ಹೋಗಿ ಮಿತಿ ದಾಟುತ್ತಿತ್ತು. 6 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸಿದೆ. ಅಂತರ ಎರಡೂವರೆ ವೋಲ್ಟ್‌ಗೆ ಇಳಿಯಿತು, ಟ್ರಿಪ್ ನಿಂತಿತು. ನಿಮ್ಮ ವೈರ್ ಮೇಲೂ ಅಳತೆ ಅಚ್ಚಾಗಿರುತ್ತದೆ, ಓದಿ ನೋಡಿ.

ತೊಳೆಯುವುದು ಸುಲಭ. ಮಳೆ ನಿಂತ ಮೇಲೆ, ಅಕ್ಟೋಬರ್‌ನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ಸಾಕು. ಬೆಳಿಗ್ಗೆ ಬಿಸಿಲೇರುವ ಮುಂಚೆ. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಮೆತ್ತನೆ ಬಟ್ಟೆಯ ಮಾಪ್, ಬರೀ ನೀರು. ಸೋಪು ಬೇಡ, ನೀರು ಗಿಡಕ್ಕೇ ಹೋಗುವುದಲ್ವಾ. ಬೋರ್‌ವೆಲ್ ನೀರಾದರೆ ಕೂಡಲೇ ಒರೆಸಿ, ಒಣಗಿದರೆ ಬಿಳಿ ಪೊರೆ ಕೂರುತ್ತದೆ. ಪ್ಯಾನೆಲ್ ಕೆಳಗೆ ಪಾರಿವಾಳ ಗೂಡು ಕಟ್ಟದ ಹಾಗೆ ಸುತ್ತ ಜಾಲರಿ ಕಟ್ಟಿಸಿ.

ವಾಷಿಂಗ್ ಮೆಷಿನ್ ಹಗಲಲ್ಲೇ ಹಾಕಿ ಅಂತ ಗುಂಪಿನಲ್ಲಿ ಕೆಲವರು ಹೇಳಿದರು. ನಮ್ಮ ಮನೆಗಳ ನೆಟ್ ಮೀಟರ್‌ನಲ್ಲಿ ಕೊಟ್ಟ ಒಂದು ಯೂನಿಟ್‌ಗೆ ಒಂದು ಯೂನಿಟ್ ವಾಪಸ್ ಸಿಗುತ್ತಿರುವಾಗ ಅದರಿಂದ ಬಿಲ್ ಅಷ್ಟೇನೂ ಇಳಿಯದು. ಸುಮ್ನೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಧ್ಯಾಹ್ನ ವೋಲ್ಟೇಜ್ ಏರುವ ಮನೆಗೆ ಮಾತ್ರ ಅದು ಒಳ್ಳೇದು, ಹೊರಗೆ ತಳ್ಳುವುದು ಕಡಿಮೆಯಾಗುತ್ತದೆ. ಬೆಂಗಳೂರಿನ ನೆಂಟರು ಹೇಳುವ ಲೆಕ್ಕ ಕೂಡ ಇಲ್ಲಿಗೆ ಹಿಡಿಯಬೇಡಿ, ನಿಯಮ ರಾಜ್ಯಕ್ಕೊಂದು.

ಹೊಸ ಪ್ಯಾನೆಲ್‌ಗೆ ಸಬ್ಸಿಡಿಯೂ ಸಿಗುವುದಿಲ್ಲ ಅಕ್ಕ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ, ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಬ್ಯಾಟರಿಯಿಂದ ನಿಮ್ಮ ಬಿಲ್ ಇಳಿಯುವುದಿಲ್ಲ, ಗ್ರಿಡ್ಡೇ ನಿಮ್ಮ ಬ್ಯಾಟರಿ. ಕರೆಂಟು ಹೋದಾಗ ಸೋಲಾರೂ ನಿಲ್ಲುತ್ತದೆ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಅದು ಲೈನ್ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು ಇರುವ ಏರ್ಪಾಡು. ನಾಲ್ಕು ಫ್ಯಾನು, ದೀಪಕ್ಕೆ ಸಾಮಾನ್ಯ ಮನೆ ಇನ್ವರ್ಟರ್ ಸಾಕು.

ಒಂದು ಮಾತು ಫೆಬ್ರವರಿಗೆ. ಆಗ ಬಿಲ್‌ನಲ್ಲಿ ಜಮಾ ಯೂನಿಟ್ ನೋಡಿ. ಜಾಸ್ತಿ ಇದ್ದರೆ ಮಾರ್ಚ್ ಪೂರ್ತಿ ಇಂಡಕ್ಷನ್ ಒಲೆ, ಗೀಸರ್ ಧಾರಾಳವಾಗಿ ಬಳಸಿ. 31 ದಾಟಿದರೆ ಅದು ಮುಂದಿನ ವರ್ಷಕ್ಕೆ ಬರುವುದಿಲ್ಲ, ಕಡಿಮೆ ದರದಲ್ಲಿ ದುಡ್ಡು ಕೊಟ್ಟು ಲೆಕ್ಕ ಮುಗಿಸುತ್ತಾರೆ.

ಚಾಕ್ ಗೆರೆಯ ಫೋಟೋ ಮತ್ತು ಆ ದಿನದ ಗ್ರಾಫ್ ಎರಡನ್ನೂ ಇಲ್ಲೇ ಹಾಕಿ. ಬರುವ ಭಾನುವಾರ ನಾನು ಸಿಂಹಗಡ ರಸ್ತೆ ಕಡೆ ಬರುತ್ತೇನೆ, ಬೇಕಿದ್ದರೆ ವೋಲ್ಟೇಜ್ ಅಳೆಯಲು ಮೀಟರ್ ತರುತ್ತೇನೆ. ನನ್ನ ಪ್ಯಾನೆಲ್ ಕೆಳಗೆ ದೊಡ್ಡಪತ್ರೆ, ಪುದೀನ ಚೆನ್ನಾಗಿ ಹಬ್ಬಿದೆ, ನಿಮಗೆ ಎರಡು ಕಡ್ಡಿ ಎತ್ತಿಟ್ಟಿರುತ್ತೇನೆ.