ಗದರಿದ ಜಾಗದಲ್ಲೇ ಕ್ಷಮೆ ಕೇಳಿ

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್, ವಯಸ್ಸು 38. ತಿಂಗಳ ಹಿಂದೆ ಕಾಲರ್ ಕೂರಿಸುವ ಆಪರೇಟರ್ ಒಬ್ಬಳಿಗೆ ಇಡೀ ಲೈನಿನ ಎದುರು ಬಾಯಿಗೆ ಬಂದಂತೆ ಬೈದೆ. ಮಗುವಿಗೆ ಜ್ವರವೆಂದು ಅವಳು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಳಂತೆ. ಅಂದಿನಿಂದ ಕೆಲಸದ ಮಾತು ಬಿಟ್ಟು ಯಾರೂ ನನ್ನ ಹತ್ತಿರ ಮಾತಾಡುತ್ತಿಲ್ಲ. ಮನೆಯಲ್ಲೂ ಹಾಗೇ. ಗೇಟಿನ ಸದ್ದು ಕೇಳಿದರೆ 9 ವರ್ಷದ ಮಗಳು ಟೀವಿ ಆರಿಸಿ ಒಳಗೆ ಹೋಗುತ್ತಾಳೆ. ಕಂಪನಿಯಲ್ಲಿ ‘ಭಾವನಾತ್ಮಕ ಬುದ್ಧಿವಂತಿಕೆ’ ಅಂತ ಒಂದು ದಿನದ ತರಬೇತಿ ಕೊಟ್ಟರು. ಆಮೇಲೆ ಒಂದು ವಾರ ಕೋಪ ನುಂಗಿಕೊಂಡೆ, ಎಂಟನೇ ದಿನ ಮನೆಯಲ್ಲಿ ಸಿಡಿದೆ. ಇದು ನನ್ನ ಹುಟ್ಟುಗುಣವೇ?

ಉತ್ತರ: ಹುಟ್ಟುಗುಣ ಎಂದು ನಾನು ಒಪ್ಪುವುದಿಲ್ಲ. ಮಗಳು ಟೀವಿ ಆರಿಸುವುದು ನಿಮ್ಮ ಕಣ್ಣಿಗೆ ಬಿದ್ದಿದೆ, ಅದು ನಿಮ್ಮನ್ನು ನೋಯಿಸಿದೆ. ಕಲಿಯಲು ಅಷ್ಟು ಸಾಕು.

ಎಡವಿದ್ದು ನುಂಗಿಕೊಂಡದ್ದರಲ್ಲಿ. ತನ್ನ ಮತ್ತು ಇತರರ ಭಾವನೆಗಳನ್ನು ಅರಿತು ನಡೆಯುವ ಈ ಬುದ್ಧಿವಂತಿಕೆಯ ಬಗ್ಗೆ 1990ರಲ್ಲಿ ಮೊದಲು ಸಿದ್ಧಾಂತ ಕಟ್ಟಿದ ಸಾಲೋವೆ ಮತ್ತು ಮೇಯರ್ ಎಂಬ ಮನೋವಿಜ್ಞಾನಿಗಳು 1997ರಲ್ಲಿ ಅದನ್ನು ನಾಲ್ಕು ಭಾಗ ಮಾಡಿದರು. ಭಾವನೆಯನ್ನು ಗುರುತಿಸುವುದು ಮೊದಲನೆಯದು, ನಿಭಾಯಿಸುವುದು ಕೊನೆಯದು. ನೀವು ನೇರವಾಗಿ ಕೊನೆಯದಕ್ಕೇ ಕೈ ಹಾಕಿದಿರಿ.

ಬೈಯುವುದಕ್ಕೆ ಐದು ನಿಮಿಷ ಮುಂಚೆ ಏನು ನಡೆದಿತ್ತು? ನೀವು ಬರೆದಿಲ್ಲ. ಆ ಗಂಟೆಯ ಪೀಸ್ ಕಮ್ಮಿ ಬಿದ್ದು, ಮೇಲಿನವರು ಬಂದು ನಿಮ್ಮನ್ನೇ ಕೇಳಿಹೋಗಿದ್ದರು ಅಂತ ನನ್ನ ಊಹೆ. ಹಾಗಿದ್ದರೆ ನಿಮಗಾದದ್ದು ಭಯ. ತಿರುಗಿ ಮಾತಾಡಲಾಗದ ಹೆಂಗಸು ಎದುರಿಗೆ ಸಿಕ್ಕಾಗ ಅದೇ ಕೋಪವಾಗಿ ಹೊರಬಿತ್ತು. ಇದರಿಂದ ನಿಮ್ಮ ತಪ್ಪೇನೂ ಚಿಕ್ಕದಾಗುವುದಿಲ್ಲ. ಆದರೆ ಮುಂದಿನ ಸಲ ಕಿವಿ ಬಿಸಿಯಾಗಿ ಹಲ್ಲು ಕಚ್ಚಿಕೊಂಡಾಗ, ‘ಟಾರ್ಗೆಟ್ ತಪ್ಪುತ್ತೆ ಅಂತ ನನಗೆ ಹೆದರಿಕೆಯಾಗ್ತಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಇದು ಬರೀ ಸಮಾಧಾನದ ಮಾತಲ್ಲ. ಮುಖಗಳಲ್ಲಿ ಕಾಣುವ ಭಾವನೆಗೆ ಮಾತಿನಲ್ಲಿ ಹೆಸರು ಕೊಟ್ಟಾಗ ಮಿದುಳಿನಲ್ಲಿ ಭಯ, ಕೋಪಗಳಿಗೆ ಚುರುಕಾಗುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ಮನೋವಿಜ್ಞಾನಿ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಆಮೇಲೆ ಮಷಿನ್ ಹತ್ತಿರ ಹೋಗಿ, ‘ಏನಾಯ್ತಮ್ಮ, ದಾರ ತುಂಡಾಗ್ತಿದೆಯಾ, ಮೈ ಹುಷಾರಿಲ್ವಾ?’ ಎಂದು ಕೇಳಿ. ಸೂಜಿಯ ತೊಂದರೆಯೋ ಜ್ವರದ ಮಗುವೋ, ಕೇಳದೆ ನಿಮಗೆ ಗೊತ್ತಾಗುವುದಾದರೂ ಹೇಗೆ?

ಈಗ ಕ್ಷಮೆಯ ವಿಷಯ. ಆಕೆಯನ್ನು ಒಬ್ಬರನ್ನೇ ಪಕ್ಕಕ್ಕೆ ಕರೆಯಬೇಡಿ. ಕರೆದರೆ ಆಕೆ ಇನ್ನಷ್ಟು ಹೆದರುತ್ತಾರೆ, ನೋಡಿದವರು ಒಂದಕ್ಕೆರಡು ಆಡಿಕೊಳ್ಳುತ್ತಾರೆ. ಮಾನ ಹೋದದ್ದು ಎಲ್ಲರೆದುರು, ಹಿಂದಿರುಗಿಸಬೇಕಾದದ್ದೂ ಅಲ್ಲೇ. ಬೆಳಗ್ಗೆ ಲೈನ್ ಶುರುವಾಗುವ ಮುಂಚೆ, ‘ಅವತ್ತು ನಿಮಗೆ ಹಾಗೆ ಬೈದದ್ದು ನನ್ನ ತಪ್ಪು, ಕ್ಷಮಿಸಿ’ ಎಂದು ಹೇಳಿ ನಿಲ್ಲಿಸಿ. ‘ಆದರೆ’ ಎಂಬ ಪದ ಬಾಯಿಗೆ ಬಂದರೆ ತಡೆಯಿರಿ. ಮಗುವಿನ ಜ್ವರದ ಮಾತೂ ಬೇಡ, ಅದು ಆಕೆಯ ಮನೆಯ ವಿಷಯ. ಇನ್ನೊಂದು ಮಾತು: ಪತ್ರದಲ್ಲೂ ನೀವು ಆಕೆಯನ್ನು ‘ಅವಳು’ ಎಂದೇ ಬರೆದಿದ್ದೀರಿ. ಕ್ಷಮೆ ಬಹುವಚನದಲ್ಲಿರಲಿ, ಮರುದಿನದಿಂದ ಇಡೀ ಲೈನಿಗೂ ಆ ಬಹುವಚನ ಉಳಿಯಲಿ. ಆಕೆ ಉತ್ತರ ಕೊಡದೆ ಮಷಿನ್ ಕಡೆ ತಿರುಗಿಕೊಳ್ಳಬಹುದು. ಅದು ಅವರ ಹಕ್ಕು.

ಟಾರ್ಗೆಟ್ಟಿನ ಒತ್ತಡ ಮಾತ್ರ ನಿಮ್ಮೊಬ್ಬರಿಂದ ಕರಗುವಂಥದ್ದಲ್ಲ. ಯಾವ ಗಂಟೆಯಲ್ಲಿ, ಯಾವ ಆಪರೇಷನ್ನಿನಲ್ಲಿ ಕೆಲಸ ಕಟ್ಟಿಕೊಳ್ಳುತ್ತಿದೆ ಎಂದು ಬರೆದಿಟ್ಟು ಮೇಲಿನವರಿಗೆ ತೋರಿಸಿ. ನಿದ್ದೆಯೇ ಹತ್ತದಿದ್ದರೆ, ಅಥವಾ ಮನೆಯಲ್ಲಿ ಕೈ ಎತ್ತುವ ಹಂತಕ್ಕೆ ಬಂದಿದ್ದರೆ, ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮಗಳು. ಗೇಟು ತೆಗೆಯುವ ಮುಂಚೆ ಒಂದು ನಿಮಿಷ ಹೊರಗೇ ನಿಂತು ಉಸಿರು ಬಿಡಿ. ಒಳಗೆ ಹೋಗಿ, ‘ಇವತ್ತು ಅಪ್ಪಂಗೆ ಕೆಲಸ ಜಾಸ್ತಿಯಾಗಿ ಸಾಕಾಗಿದೆ ಪುಟ್ಟಿ, ನಿನ್ನ ಮೇಲೆ ಕೋಪ ಇಲ್ಲ’ ಎಂದು ಬಾಯಿಬಿಟ್ಟು ಹೇಳಿ. ಮೊದಮೊದಲು ಅವಳು ಎದ್ದೇ ಹೋಗುತ್ತಾಳೆ. ಹಿಂದಿನಿಂದ ಕೂಗಿ ಕರೆಯಬೇಡಿ. ಅವಳು ಆರಿಸಿದ ಟೀವಿಯನ್ನು ಮತ್ತೆ ಹಾಕಿ, ಅವಳ ಚಾನೆಲ್ ಬದಲಿಸದೆ, ಪಕ್ಕದಲ್ಲಿ ಜಾಗ ಬಿಟ್ಟು ಕೂತಿರಿ.