ಲಾರಿ ಬೇಕರ್ ಯಾರು? ಕೇರಳದ ಇಟ್ಟಿಗೆ ಮನೆಗಳಿಗೂ ಅವರಿಗೂ ಏನು ಸಂಬಂಧ?

ವಾಸ್ತುಶಿಲ್ಪಿ ಬೇಕರ್ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ರೋಗಿಗಳ ಸೇವೆ ಮಾಡಿದರು. ಊರಿಗೆ ಮರಳುವಾಗ ಮುಂಬೈಯಲ್ಲಿ ಹಡಗಿಗೆ ಕಾಯಬೇಕಾಯಿತು. ಆಗಲೇ ಗಾಂಧೀಜಿಯ ಭೇಟಿ ಆಗಿದ್ದು. 1945ರಲ್ಲಿ ಮತ್ತೆ ಭಾರತಕ್ಕೆ ಬಂದರು. ಕೇರಳದ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾಗಿ ಹಿಮಾಲಯದ ಪಿಥೋರಾಗಢದ ಬೆಟ್ಟಗಳಲ್ಲಿ ವರ್ಷಗಟ್ಟಲೆ ಇದ್ದರು. ಕಲ್ಲು, ಮಣ್ಣು, ಮರದಲ್ಲೇ ಮನೆ ಕಟ್ಟುವ ಅಲ್ಲಿನ ಜನರೇ ಅವರ ನಿಜವಾದ ಮೇಷ್ಟ್ರು ಅನ್ನಬಹುದು.

ತಿರುವನಂತಪುರದಲ್ಲಿ ನೆಲೆಸಿದ್ದು ಐವತ್ತು ದಾಟಿದ ಮೇಲೆ. ಹೆಸರು ತಂದ ಕೆಲಸ ಜಾಸ್ತಿ ಅಲ್ಲಿನದೇ. ಗಾರೆ ಮೆತ್ತದ ಇಟ್ಟಿಗೆ ಗೋಡೆ, ಕಿಟಕಿಯ ಬದಲು ಗಾಳಿ-ಬೆಳಕಿಗೆ ತೂತು ಬಿಟ್ಟು ಕಟ್ಟಿದ ಇಟ್ಟಿಗೆಯದೇ ಜಾಲರಿ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟುವ 'ರ‍್ಯಾಟ್ ಟ್ರ್ಯಾಪ್' ಗೋಡೆಗೆ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಬಿಸಿಲಿನ ಕಾವೂ ಒಳಗೆ ಕಡಿಮೆ. ಚಾವಣಿಯ ಕೆಳಭಾಗದಲ್ಲಿ ಕಂಬಿಗಳ ನಡುವಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಅಲ್ಲಿ ಮಂಗಳೂರು ಹೆಂಚು ತುಂಬಿಸಿದರು. ಸರಳ ಲೆಕ್ಕ, ಅಲ್ವಾ?

1990ರಲ್ಲಿ ಪದ್ಮಶ್ರೀ ಬಂತು, 2007ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲೂ ಈಗ ಇಂಥ ಮನೆಗಳಿವೆ. ಆದರೆ ಅಗ್ಗ ಅಂತ ಸುಮ್ನೆ ಶುರುಮಾಡಬೇಡಿ. ಇಂಥ ಟೊಳ್ಳು ಗೋಡೆಗೆ ಕೈ ಪಳಗಿದ ಮೇಸ್ತ್ರಿ ಬೇಕೇ ಬೇಕು.