ರೆಸಿಡೆಂಟ್ ಈವಿಲ್ 4 ವಿಡಿಯೋ ಗೇಮ್ ಆಡುವವರು ಆಶ್ಲಿಗೆ (ಆಟದಲ್ಲಿ ನಾವು ಕಾಪಾಡಬೇಕಾದ ಹುಡುಗಿ) ಬೈತಾರೆ, ರೀಜನರೇಟರ್ (ಗಾಯವಾದರೂ ಮತ್ತೆ ಬೆಳೆಯುವ ದೈತ್ಯ) ಕಂಡರೆ ಓಡ್ತಾರೆ. ಯಾಕೆ? (ದಾವಣಗೆರೆಯ ಗೇಮಿಂಗ್ ಸೆಂಟರ್‌ನಲ್ಲಿ ಆಡುವವನ ಪ್ರಶ್ನೆ)

2023ರ ರೀಮೇಕ್ (ಅದೇ ಆಟವನ್ನು ಹೊಸದಾಗಿ ಮಾಡಿದ್ದು) ಬಗ್ಗೆ ಹೇಳ್ತೀನಿ. ಬೈಗುಳ ಬಹುಪಾಲು 2005ರ ಮೂಲ ಆಟದಿಂದ ಬಂದದ್ದು. ಅಲ್ಲಿ ಆಶ್ಲಿಗೆ ಪ್ರತ್ಯೇಕ ಹೆಲ್ತ್ ಬಾರ್ ಇತ್ತು, ನಮ್ಮ ಔಷಧಿಯಲ್ಲೇ ಅವಳಿಗೂ ಪಾಲು ಕೊಡಬೇಕಿತ್ತು. ರೀಮೇಕ್‌ನಲ್ಲಿ ಅದಿಲ್ಲ. ಪೆಟ್ಟು ಬಿದ್ದರೆ ಕುಸಿಯುತ್ತಾಳೆ, ಹತ್ತಿರ ಹೋಗಿ ಎಬ್ಬಿಸಿದರೆ ಸಾಕು. ಕುಸಿದಾಗಲೇ ಇನ್ನೊಂದು ಪೆಟ್ಟು ಬಿದ್ದರೆ ಮಾತ್ರ ಆಟ ಮುಗೀತು. ಪ್ಲೇಸ್ಟೇಷನ್ ಕಂಟ್ರೋಲರ್‌ನಲ್ಲಿ ಆರ್3 (ಬಲಗಡೆಯ ಸ್ಟಿಕ್) ಒಳಗೆ ಒತ್ತಿದರೆ ಅವಳು ಹತ್ತಿರ ಬರ್ತಾಳೆ ಅಥವಾ ದೂರ ನಿಲ್ತಾಳೆ. ಹೆಚ್ಚಿನವರು ಈ ಬಟನ್ ಮುಟ್ಟೋದೇ ಇಲ್ಲ, ಇಕ್ಕಟ್ಟಿನಲ್ಲಿ ಅವಳು ಅಡ್ಡ ಬಂದಳು ಅಂತ ಸಿಟ್ಟಾಗ್ತಾರೆ. ಯಾರಾದರೂ ಅವಳನ್ನು ಹೊತ್ತೊಯ್ದರೆ ಅವನ ಕಾಲಿಗೆ ಗುರಿಯಿಡಿ. ಮೇಲೆ ಹೊಡೆದರೆ ಗುಂಡು ಅವಳಿಗೇ ತಾಗಬಹುದು.

ರೀಜನರೇಟರ್ ಭಯ ಮಾತ್ರ ನ್ಯಾಯವಾದದ್ದು. ಆಟದ ಶುರುವಿನಲ್ಲಿ ಮೇಲೆ ಬೀಳುವ ಊರಿನವರನ್ನು ತಲೆಗೆ ಹೊಡೆದು ಕೆಡವಿದ ಅಭ್ಯಾಸ ಇಲ್ಲಿ ಕೈಕೊಡುತ್ತೆ: ಕಾಲು ಹಾರಿಸಿದರೂ ಮತ್ತೆ ಬೆಳೆಯುತ್ತೆ. ಅದು ಮೊದಲು ಎದುರಾದಾಗ ನಿಮ್ಮ ಹತ್ತಿರ ಅದರ ಮೈಯೊಳಗೆ ನೋಡುವ ಸ್ಕೋಪ್ (ಬಂದೂಕಿನ ದುರ್ಬೀನು) ಇರೋದಿಲ್ಲ, ಗುಂಡು ಉಳಿಸಿ ಓಡಿ. ಆಟದ ಕೊನೆಯ ಭಾಗ ನಡೆಯುವ ದ್ವೀಪದ ಫ್ರೀಜರ್ ಕೋಣೆಯಲ್ಲಿ ಆ ಬಯೋಸೆನ್ಸರ್ ಸ್ಕೋಪ್ ಸಿಗುತ್ತೆ. ರೈಫಲ್‌ಗೆ ಜೋಡಿಸಿ ನೋಡಿದರೆ ಮೈಯೊಳಗಿನ ಪರಾವಲಂಬಿಗಳು ಹೊಳೆಯುತ್ತವೆ. ಎಲ್ಲವನ್ನೂ ಒಡೆದರೇ ಸಾಯೋದು. ಮುಂದೆ ಒಂದೂ ಉಳಿದಿಲ್ಲ, ಆದರೂ ಬರ್ತಾ ಇದೆ ಅಂದ್ರೆ ಬೆನ್ನಲ್ಲಿ ಒಂದಿದೆ.

ಅದರ ಗೊರಗೊರ ಉಸಿರು ಕಾಣುವ ಮೊದಲೇ ಕೇಳುತ್ತೆ. ಸೆಂಟರ್‌ನ ಸ್ಪೀಕರ್, ಫ್ಯಾನ್ ಗದ್ದಲದಲ್ಲಿ ಆ ಸುಳಿವು ತಪ್ಪಿಹೋಗುತ್ತೆ. ಸೆಂಟರ್‌ನವರ ಹತ್ತಿರ ಹೆಡ್‌ಫೋನ್ ಕೇಳಿ ಪಡೆದು ಹಾಕ್ಕೊಳ್ಳಿ.